ಗಲ್ಲಿ ತಿರುವಿನ ಅನ್ನದಂಗಡಿ, ಓನ್ ನುತ್, ಬ್ಯಾಂಕಾಕ್

ಬ್ಯಾಂಕಾಕ್‌ನಲ್ಲಿ ಬಾಡಿಗೆ ರೂಮು ನೋಡೋಕೆ ಹೋದ್ರೆ ಮೊದಲು ಗೊತ್ತಾಗೋದು ಇಲ್ಲಿ ಅಡುಗೆಮನೆ ಅನ್ನೋದು ಲೆಕ್ಕಕ್ಕೇ ಇಲ್ಲ ಅಂತ. ಮಂಚ ಇರುತ್ತೆ, ಎಸಿ ಇರುತ್ತೆ, ಮೊಣಕಾಲೆತ್ತರದ ಒಂದು ಫ್ರಿಜ್ಜು, ಬಾಲ್ಕನಿ ಮೂಲೆಯಲ್ಲಿ ಒಂದು ಸಿಂಕು, ಮುಗೀತು. ತುಂಬಾ ಕಟ್ಟಡಗಳಲ್ಲಿ ಗ್ಯಾಸ್ ಸಿಲಿಂಡರ್ ಇಡೋ ಹಾಗೇ ಇಲ್ಲ. ಹಾಗಾದ್ರೆ ಇಲ್ಲಿರೋರು ಊಟಕ್ಕೇನು ಮಾಡ್ತಾರೆ ಅಂತ ಕೇಳಿದ್ರೆ ರೂಮು ತೋರಿಸೋಕೆ ಬಂದಿದ್ದ ಹುಡುಗಿ ಏನೂ ಹೇಳದೆ ಬಾಲ್ಕನಿಯಿಂದ ಕೆಳಗೆ ಕೈ ತೋರಿಸಿದ್ಳು. ಗಲ್ಲಿ ತಿರುವಿನಲ್ಲಿ ಒಂದು ನೀಲಿ ಟಾರ್ಪಾಲು, ಅದರ ಕೆಳಗೆ ಗಾಜಿನ ಪೆಟ್ಟಿಗೆ, ಮುಂದೆ ಆರೆಂಜ್ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರ ಗುಂಪು.

ಆ ಅಂಗಡಿ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಯಾಕಂದ್ರೆ ಥೈಲ್ಯಾಂಡಿಗೆ ಬರೋ ಫ್ರೆಂಡ್ಸ್ ಎಲ್ಲಾ ಪಾತ್ ಥೈ ನೂಡಲ್ಸ್ ಎಲ್ಲಿ ಚೆನ್ನಾಗಿರುತ್ತೆ, ಗ್ರೀನ್ ಕರಿ ಎಲ್ಲಿ ಚೆನ್ನಾಗಿರುತ್ತೆ ಅಂತಾನೇ ಕೇಳ್ತಾರೆ, ಇಲ್ಲಿಯ ಮನೆ ಊಟ ಅಂದ್ರೆ ಏನು ಅಂತ ಯಾರೂ ಕೇಳಲ್ಲ. ಕೇಳಿದ್ರೂ ಉತ್ತರ ಸ್ವಲ್ಪ ವಿಚಿತ್ರವೇ, ಈ ಊರಲ್ಲಿ ಮನೆ ಊಟ ಆಗೋದು ಬಹಳ ಸಲ ಮನೆಯಲ್ಲಲ್ಲ, ಇಂಥ ಗಲ್ಲಿ ಅಂಗಡಿಯಲ್ಲಿ. ಇದಕ್ಕೆ ಖಾವ್ ಗೇಂಗ್ ಅಂಗಡಿ ಅಂತಾರೆ. ಬೆಳಗ್ಗೆನೇ ಹದಿನೈದು ಇಪ್ಪತ್ತು ಬಗೆ ಮಾಡಿ ಸ್ಟೀಲ್ ಟ್ರೇಗಳಲ್ಲಿ ಸಾಲಾಗಿ ಇಟ್ಟಿರ್ತಾರೆ, ನಾವು ಬೇಕಾಗಿದ್ದಕ್ಕೆ ಬೆರಳು ತೋರಿಸಿದ್ರೆ ಬಿಸಿ ಅನ್ನದ ಮೇಲೆ ಹಾಕಿ ಕೊಡ್ತಾರೆ, ಖಾಲಿಯಾದ್ಮೇಲೆ ಅಂಗಡಿ ಮುಚ್ಚುತ್ತೆ.

ನಮ್ಮ ಗಲ್ಲಿಯದು ಓನ್ ನುತ್ ಬಿಟಿಎಸ್ (ಮೇಲ್ಗಡೆ ಓಡೋ ಮೆಟ್ರೋ) ಸ್ಟೇಷನ್‌ನಿಂದ ಒಳಗಡೆ ನಡೆದು ಹೋಗೋಷ್ಟು ದೂರ. ಹೆಸರಿನ ಬೋರ್ಡೂ ಇಲ್ಲ, ಇದ್ದದ್ದು ಮಳೆಗೆ ಅಳಿಸಿಹೋಗಿದೆ. ಆರೋ ಏಳೋ ಮಡಚೋ ಟೇಬಲ್ಲು, ಪ್ಲಾಸ್ಟಿಕ್ ಸ್ಟೂಲುಗಳು, ಪ್ರತಿ ಟೇಬಲ್ ಮೇಲೆ ಗುಲಾಬಿ ಬಣ್ಣದ ತೆಳು ಟಿಶ್ಯೂ, ಕೈ ಒರೆಸಿದ್ರೆ ಅರ್ಧ ಬೆರಳಿಗೇ ಅಂಟ್ಕೊಳ್ಳೋ ಥರದ್ದು. ಗೋಡೆ ಮೇಲೆ ಐದನೇ ರಾಮ ಚುಲಾಲಾಂಗ್‌ಕಾರ್ನ್ ರಾಜನ ಹಳೇ ಫೋಟೋ, ಅದರ ಕೆಳಗೆ ಕೈ ಮುಂದೆ ಚಾಚಿ ಗಿರಾಕಿಗಳನ್ನ ಕರೀತಾ ಕೂತಿರೋ ನಾಂಗ್ ಕ್ವಾಕ್ ಅನ್ನೋ ವ್ಯಾಪಾರದ ದೇವಿಯ ಪುಟ್ಟ ಮೂರ್ತಿ, ಅವಳ ಮುಂದೆ ಸ್ಟ್ರಾ ಹಾಕಿಟ್ಟ ಕೆಂಪು ಜ್ಯೂಸ್ ಬಾಟ್ಲಿ. ಟ್ರೇಗಳ ಮೇಲೆ ಚಿಕ್ಕ ಮೋಟಾರಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಬಿಟ್ಟಿದ್ದಾರೆ, ಅದು ಸುಮ್ನೆ ಸುತ್ತುತ್ತಾ ನೊಣ ಓಡಿಸ್ತಿರುತ್ತೆ. ನಡೆಸೋದು ಗಂಡ ಹೆಂಡತಿ ಇಬ್ಬರೇ. ಆಕೆನ ಎಲ್ಲರೂ ಪಾ ಅಂತಾರೆ, ದೊಡ್ಡಮ್ಮ ಅಂದಂಗೆ, ಆತ ಲುಂಗ್, ದೊಡ್ಡಪ್ಪ. ಪಾ ಮೂಲತಃ ದಕ್ಷಿಣದ ನಖೋನ್ ಸಿ ಥಮ್ಮರಾತ್ ಕಡೆಯವರು, ಅದು ಟ್ರೇಗಳ ಬಣ್ಣ ನೋಡಿದ್ರೇನೇ ಗೊತ್ತಾಗುತ್ತೆ, ಅರ್ಧಕ್ಕರ್ಧ ಅರಿಶಿನ ಹಳದಿ.

ರೇಟು ಒಂದು ಬಗೆ ಅನ್ನದ ಮೇಲೆ ಹಾಕಿಸ್ಕೊಂಡ್ರೆ 45 ಬಾತ್, ಎರಡು ಬಗೆ ಆದ್ರೆ 55, ಮೊಟ್ಟೆ ಕರಿದು ಹಾಕಿದ್ರೆ ಇನ್ನು 10. ಖಾಲಿ ಐಸ್ ತುಂಬಿದ ಲೋಟಕ್ಕೆ ಒಂದೆರಡು ಬಾತ್, ನೀರು ಫ್ರೀ, ಜಗ್‌ನಿಂದ ನಾವೇ ಹಾಕ್ಕೋಬೇಕು. ದುಡ್ಡು ಪ್ರಾಂಪ್ಟ್‌ಪೇ, ನಮ್ಮ ಯುಪಿಐ ಥರದ್ದು, ಅನ್ನದ ಕುಕ್ಕರಿಗೇ ಕ್ಯೂಆರ್ ಅಂಟಿಸಿದ್ದಾರೆ. ಪ್ರಾಂಪ್ಟ್‌ಪೇ 2017ರಲ್ಲಿ ಶುರುವಾಗಿದ್ದು, ಈಗ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಸುಡೋರ ಹತ್ರಾನೂ ಇದೆ. ದುಡ್ಡು ಹೋಯ್ತೋ ಇಲ್ವೋ ಅಂತ ಪಾ ಯಾವತ್ತೂ ಚೆಕ್ ಮಾಡಿದ್ದು ನೋಡಿಲ್ಲ, ಲುಂಗ್ ಮಾತ್ರ ದೂರದಿಂದಲೇ ಕತ್ತು ಉದ್ದ ಮಾಡಿ ನಮ್ಮ ಫೋನ್ ಸ್ಕ್ರೀನ್ ನೋಡ್ತಾರೆ.

ಈಗ ಅಸಲಿ ವಿಷಯ. ಒಂದಿನ ಹಸಿವಲ್ಲಿ ಗ್ರೀನ್ ಕರಿ ಟ್ರೇಗೂ ಪಕ್ಕದ ಪನೇಂಗ್ ಟ್ರೇಗೂ ಬೆರಳು ತೋರಿಸಿದೆ, ಪನೇಂಗ್ ಅಂದ್ರೆ ಗಟ್ಟಿ ಕೆಂಪು ಗೊಜ್ಜಿನ ಥರ ಇರುತ್ತೆ, ಮೇಲೆ ಸಣ್ಣಗೆ ಹೆಚ್ಚಿದ ಮಕ್ರೂತ್ ನಿಂಬೆ ಎಲೆ. ಪಾ ಸೌಟು ಎತ್ತಿದೋರು ಹಾಗೇ ನಿಲ್ಲಿಸಿದ್ರು. "ಎರಡೂ ತೆಂಗಿನಹಾಲಿಂದು ಮಗಾ, ಒಂದು ತಗೋ, ಇನ್ನೊಂದು ಇದು ತಗೋ" ಅಂತ ಹೇಳ್ತಾನೇ ಪಕ್ಕದಲ್ಲಿದ್ದ ಪಾಕ್ ಬುಂಗ್ ಸೊಪ್ಪು ಹಾಕಿಬಿಟ್ರು, ನೀರಲ್ಲಿ ಬೆಳೆಯೋ ಟೊಳ್ಳು ದಂಟಿನ ಸೊಪ್ಪು, ಬೆಳ್ಳುಳ್ಳಿ ಮೆಣಸಿನಕಾಯಿ ಜಜ್ಜಿ ಹಳದಿ ಸೋಯಾ ಕಾಳಿನ ಪೇಸ್ಟ್ ಹಾಕಿ ದೊಡ್ಡ ಉರಿಯಲ್ಲಿ ಅರೆ ನಿಮಿಷ ಬಾಡಿಸಿರೋದು. ನಾನು ದುಡ್ಡು ಕೊಡೋನು, ನಂಗೆ ಬೇಕಾಗಿದ್ದು ಕೇಳಿದ್ರೆ ಇವರ್ಯಾರು ಬೇಡ ಅನ್ನೋಕೆ ಅಂತ ಒಂದು ಕ್ಷಣ ಅನ್ನಿಸ್ತು ನಿಜ. ಆದ್ರೆ ಕೂತು ತಿಂದಾಗ ಒಪ್ಕೊಳ್ಳಲೇಬೇಕಾಯ್ತು. ಆಮೇಲೆ ಸುಮ್ನೆ ನಿಂತು ಬೇರೆಯವರು ಏನು ಜೊತೆ ಏನು ತಗೋತಾರೆ ಅಂತ ನೋಡೋಕೆ ಶುರು ಮಾಡಿದೆ. ಅಲ್ಲಿ ಒಂದು ಲೆಕ್ಕ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಎಲ್ಲರೂ ಪಾಲಿಸ್ತಾರೆ. ತೆಂಗಿನಹಾಲಿಂದು ಒಂದಾದ್ರೆ ಇನ್ನೊಂದು ಹುಳಿ ಅಥವಾ ಒಣಗಿದ್ದು. ಸಿಕ್ಕಾಪಟ್ಟೆ ಖಾರದ್ದು ತಗೊಂಡ್ರೆ ಜೊತೆಗೆ ಮೊಟ್ಟೆ. ಉಪ್ಪುಮೀನು ಇದ್ರೆ ಸಪ್ಪೆ ತರಕಾರಿ.

ಬೇರೆ ದೇಶದ ಥಾಯ್ ರೆಸ್ಟೋರೆಂಟುಗಳಲ್ಲಿ ಊಟ ಮಾಡಿದೋರಿಗೆ ಇದು ಬೇಗ ತಲೆಗೆ ಹೋಗಲ್ಲ, ಯಾಕಂದ್ರೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕರಿ ಬಟ್ಟಲು, ಪಕ್ಕದಲ್ಲಿ ಒಂದು ಹಿಡಿ ಅನ್ನ. ಆ ಬಟ್ಟಲನ್ನ ಸೂಪ್ ಥರ ಕುಡಿಯೋಕಾಗೋ ಹಾಗೆ ಉಪ್ಪು ಖಾರ ಎಲ್ಲಾ ಇಳಿಸಿ, ತೆಂಗಿನಹಾಲು ಸಕ್ಕರೆ ಏರಿಸಿ ಮಾಡಿರ್ತಾರೆ. ಇಲ್ಲಿ ಪಾ ಮಾಡೋ ಯಾವುದೇ ಬಗೆನ ಬರೀ ಬಾಯಿಗೆ ಹಾಕ್ಕೊಂಡ್ರೆ ಉಪ್ಪು ಜಾಸ್ತಿ ಆಯ್ತು ಅನ್ಸುತ್ತೆ, ಖಾರ ಜಾಸ್ತಿ ಆಯ್ತು ಅನ್ಸುತ್ತೆ. ಅದು ಬರೀ ತಿನ್ನೋದಕ್ಕೆ ಅಂತ ಮಾಡಿದ್ದೇ ಅಲ್ಲ. ತಟ್ಟೆಯಲ್ಲಿ ಮುಕ್ಕಾಲು ಭಾಗ ಅನ್ನ, ಅದರ ಮೇಲೆ ಇದು ಎರಡು ಸೌಟು, ಆ ಪ್ರಮಾಣಕ್ಕೆ ಹದ ಹಾಕಿದ್ದು. ಇಷ್ಟು ಚಿಕ್ಕ ವಿಷಯ ಬಿಟ್ಟು ಬೇರೆ ಎಲ್ಲಾ ರುಚಿ ವರ್ಣನೆ ಮಾಡೋ ಫುಡ್ ವೀಡಿಯೋಗಳನ್ನ ನೋಡಿದಾಗ ನಂಗೆ ಕಿರಿಕಿರಿ ಆಗುತ್ತೆ, ಚಮಚದಲ್ಲಿ ಬರೀ ಕರಿ ಎತ್ತಿ ಬಾಯಿಗಿಟ್ಟು ಕಣ್ಣು ಅರಳಿಸೋದು, ಅನ್ನ ಫ್ರೇಮಿನಲ್ಲೇ ಇರಲ್ಲ.

ಅನ್ನ ಹೋಮ್ ಮಲಿ, ಅದೇ ಜಾಸ್ಮಿನ್ ರೈಸು ಅಂತಾರಲ್ಲ ಅದು. ಬೆಂದ ಮೇಲೆ ಸ್ವಲ್ಪ ಅಂಟುತ್ತೆ, ಚಮಚದಲ್ಲಿ ಎತ್ತಿದ್ರೆ ಉದುರಲ್ಲ. ಉತ್ತರದ ಚಿಯಾಂಗ್ ಮೈ ಕಡೆ, ಈಶಾನ್ಯದ ಈಸಾನ್ ಕಡೆ ಆದ್ರೆ ಅಂಟಕ್ಕಿ ಹಬೆಯಲ್ಲಿ ಬೇಯಿಸಿ ಕೈಯಲ್ಲೇ ಉಂಡೆ ಮಾಡಿ ತಿಂತಾರೆ, ಇಲ್ಲಿ ಹಾಗಲ್ಲ, ಬಲಗೈಲಿ ಚಮಚ ಎಡಗೈಲಿ ಫೋರ್ಕು, ಫೋರ್ಕಿಂದ ಚಮಚಕ್ಕೆ ತಳ್ಳೋದಷ್ಟೇ, ಫೋರ್ಕು ಬಾಯಿಗೆ ಹೋಗಲ್ಲ. ಚಾಪ್‌ಸ್ಟಿಕ್ ಕೇಳಬೇಡಿ, ಅದು ನೂಡಲ್ಸಿಗೆ. ಚಾಕು ಟೇಬಲ್ ಮೇಲೆ ಇರೋದೇ ಇಲ್ಲ, ಎಲ್ಲಾ ಅಡುಗೆ ಮಾಡೋವಾಗಲೇ ಚಮಚಕ್ಕೆ ಬರೋ ಸೈಜಿಗೆ ಹೆಚ್ಚಿರ್ತಾರೆ.

ಪಾ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ದಕ್ಷಿಣದ ಅಡುಗೆಗಳೇ, ಅದ್ರಲ್ಲೂ ಗೇಂಗ್ ಸೋಮ್. ತೆಂಗು ಇಲ್ಲ, ಎಣ್ಣೆ ಇಲ್ಲ, ಮೆಣಸಿನಕಾಯಿ ಅರಿಶಿನ ಸೀಗಡಿ ಪೇಸ್ಟ್ ಅರೆದು ನೀರಿಗೆ ಕದಡಿ ಹುಳಿ ಹಿಂಡಿ ಮೀನು ಹಾಕಿ ಕುದಿಸೋದು, ಜೊತೆಗೆ ಎಳೇ ಬಿದಿರು ಕಳಲೆ ಅಥವಾ ಹಸಿ ಪಪ್ಪಾಯಿ. ಮೀನು ತಿನ್ನೋ ಮನೆಯಲ್ಲಿ ಬೆಳೆದೋರಿಗೆ ಇದು ಮೀನು ಹಾಕಿದ ಹುಣಸೆ ಸಾರು ಅಂತಾನೇ ಅನ್ಸೋದು, ಮೊದಲ ತುತ್ತು ಮಾತ್ರ. ಎರಡನೇ ತುತ್ತಿಗೆ ಖಾರ ಕಿವಿ ಹಿಂದೆ ಬರುತ್ತೆ. ಬ್ಯಾಂಕಾಕ್ ಕಡೆಯೋರು ಮಾಡೋ ಗೇಂಗ್ ಸೋಮ್‌ಗೆ ಅರಿಶಿನ ಹಾಕಲ್ಲ, ಕೆಂಪಗಿರುತ್ತೆ, ಸ್ವಲ್ಪ ಸಿಹಿನೂ ಇರುತ್ತೆ, ಅದಕ್ಕೇ ಇಲ್ಲಿಯೋರು ಪಾ ಮಾಡೋದನ್ನ ಗೇಂಗ್ ಲುಯಾಂಗ್ ಅಂತಾರೆ, ಹಳದಿ ಕರಿ ಅಂತ. ಪಾಗೆ ಅದು ಇಷ್ಟ ಆಗಲ್ಲ. ಯಾರಾದ್ರೂ ಹಾಗೆ ಕೇಳಿದ್ರೆ "ಗೇಂಗ್ ಸೋಮ್" ಅಂತ ಒತ್ತಿ ಹೇಳಿ ಹಾಕ್ತಾರೆ.

ಅದರ ಪಕ್ಕದ್ದು ಖುವಾ ಕ್ಲಿಂಗ್, ಕೊಚ್ಚಿದ ಮಾಂಸನ ಅದೇ ಥರದ ಅರಿಶಿನದ ಮಸಾಲೆ ಜೊತೆ ಬಾಣಲೆಯಲ್ಲಿ ನೀರು ಪೂರಾ ಇಂಗೋವರೆಗೂ ಹುರಿದದ್ದು. ನೋಡೋಕೆ ಪುಡಿಪುಡಿ, ಯಾವ ಆಡಂಬರಾನೂ ಇಲ್ಲ. ಅರ್ಧ ಚಮಚಕ್ಕೆ ಎರಡು ಚಮಚ ಅನ್ನ ಬೇಕು. ಇನ್ನೊಂದಿದೆ, ಗೇಂಗ್ ತೈ ಪ್ಲಾ, ಮೀನಿನ ಕರುಳನ್ನ ಉಪ್ಪಲ್ಲಿ ಹುದುಗಿಸಿ ಅದರಿಂದ ಮಾಡೋ ಕಪ್ಪಗಿನ ಗಟ್ಟಿ ಸಾರು, ವಾಸನೆ ಗಲ್ಲಿ ತುದಿಗೇ ಬರುತ್ತೆ. ನಾನು ಒಂದೊಂದು ಚಮಚ ಬೇರೆಯವರ ತಟ್ಟೆಯಿಂದ ತಗೊಂಡಿದೀನಿ ಅಷ್ಟೇ, ಪೂರ್ತಿ ತಟ್ಟೆ ಆರ್ಡರ್ ಮಾಡೋ ಧೈರ್ಯ ಇನ್ನೂ ಬಂದಿಲ್ಲ, ಬರುತ್ತೆ ಅಂತ ಅನ್ಸೋದೂ ಇಲ್ಲ. ಈ ಖಾರ ಇಳಿಸೋಕೆ ದಕ್ಷಿಣದ ಅಂಗಡಿಗಳಲ್ಲಿ ಟೇಬಲ್ ಮೇಲೆ ಒಂದು ತಟ್ಟೆ ಹಸಿ ತರಕಾರಿ ಫ್ರೀಯಾಗಿ ಇಡ್ತಾರೆ, ಸೌತೆಕಾಯಿ, ಉದ್ದ ಅಲಸಂದೆ, ಗುಂಡು ಹಸಿರು ಬದನೆ, ರೆಕ್ಕೆ ಅವರೆ, ಒಂದಿಷ್ಟು ಹೆಸರೇ ಗೊತ್ತಿಲ್ಲದ ಒಗರು ಎಲೆಗಳು. ಹಸಿ ಬದನೆಕಾಯಿ ಕಚ್ಚಿ ತಿನ್ನೋದು ಅಂದ್ರೆ ನಂಬಲ್ಲ ನೀವು, ಆದ್ರೆ ಖುವಾ ಕ್ಲಿಂಗ್ ಜೊತೆ ಅದಿಲ್ಲದೆ ಆಗಲ್ಲ.

ಇನ್ನು ಖಾರಾನೇ ಇಲ್ಲದ ಟ್ರೇಗಳೂ ಇರುತ್ತೆ, ಅದನ್ನ ಹೊರಗಿನೋರು ನೋಡೋದೇ ಇಲ್ಲ. ಗೇಂಗ್ ಜುಯೆತ್ ಅಂತ ಒಂದು ತಿಳಿ ಸೂಪು, ಮೃದು ತೋಫು, ಗಾಜಿನಂಥ ಸಣ್ಣ ನೂಡಲ್ಸು, ಎಲೆಕೋಸು, ಮೇಲೆ ಕರಿದ ಬೆಳ್ಳುಳ್ಳಿ. ಸಪ್ಪೆ ಅಂದ್ರೆ ಸಪ್ಪೆ. ಖಾರದ್ದು ತಗೊಂಡೋರ ಪಕ್ಕ ಅದರ ಬಟ್ಟಲು ಇದ್ದೇ ಇರುತ್ತೆ, ಮಕ್ಕಳಿಗೆ ಅದನ್ನೇ ಅನ್ನಕ್ಕೆ ಕಲಸಿ ತಿನ್ನಿಸ್ತಾರೆ. ಖೈ ಪಲೋ ಅಂತ ಇನ್ನೊಂದು, ಚಕ್ಕೆ, ಚಕ್ರಮೊಗ್ಗು, ಸೋಯಾ ಸಾಸ್, ಬೆಲ್ಲದಂಥ ತಾಳೆ ಸಕ್ಕರೆ ಹಾಕಿ ಕಂದು ಬಣ್ಣಕ್ಕೆ ಬರೋವರೆಗೂ ಕುದಿಸಿದ ಮೊಟ್ಟೆ, ಚೀನಾದಿಂದ ಬಂದೋರು ತಂದ ಅಡುಗೆ. ನಂಗೆ ಅದು ಅತಿಯಾದ ಸಿಹಿ. ಮಧ್ಯ ಥೈಲ್ಯಾಂಡಿನ ಅಡುಗೆಯಲ್ಲಿ ಸಕ್ಕರೆ ಸ್ವಲ್ಪ ಧಾರಾಳವೇ, ಅದೊಂದು ದೂರು ನಂದು ಇದ್ದೇ ಇದೆ, ಪಾಗೆ ಹೇಳಿದ್ರೆ ಬ್ಯಾಂಕಾಕಿನೋರಿಗೆ ಹಾಗೇ ಬೇಕು ನಾನೇನ್ಮಾಡ್ಲಿ ಅಂತಾರೆ.

ಮಸಾಲೆ ವಿಷಯದಲ್ಲಿ ಒಂದು ಮಾತು. ಥಾಯ್ ಅಡುಗೆ ಅಂದ್ರೆ ಅಜ್ಜಿ ಕಲ್ಲಿನ ಕುಟ್ಟಾಣಿಯಲ್ಲಿ ಬೆಳಗ್ಗೆಯಿಂದ ಕುಟ್ತಾ ಕೂತಿರ್ತಾರೆ ಅನ್ನೋ ಚಿತ್ರ ಎಲ್ಲರ ತಲೆಯಲ್ಲೂ ಇದೆ. ದಿನಾ ಹದಿನೈದು ಬಗೆ ಮಾಡಿ ಬೆಳಗ್ಗೆನೇ ಅಂಗಡಿ ತೆಗೆಯೋರಿಗೆ ಅದು ಆಗೋ ಮಾತಾ? ಸಂತೆಯಲ್ಲಿ ಕರಿ ಪೇಸ್ಟ್ ಮಾರೋ ಅಂಗಡಿಗಳಿರ್ತವೆ, ಕೆಂಪು ಹಸಿರು ಹಳದಿ ಗುಡ್ಡೆ ಗುಡ್ಡೆ ಮಾಡಿ ಇಟ್ಟಿರ್ತಾರೆ, ತೂಕದ ಲೆಕ್ಕದಲ್ಲಿ ಕೊಡ್ತಾರೆ. ಪಾ ಕೂಡ ಗ್ರೀನ್ ಕರಿ, ಪನೇಂಗ್‌ಗೆ ಅಲ್ಲಿಂದಲೇ ತರೋದು. ಆಮೇಲೆ ಅದಕ್ಕೆ ತಮ್ಮದೊಂದಿಷ್ಟು ಸೇರಿಸ್ತಾರೆ, ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಬಿಳಿ ಮೆಣಸು ಕುಟ್ಟಿದ್ದು, ಸ್ವಲ್ಪ ಮಕ್ರೂತ್ ಸಿಪ್ಪೆ. ಕೊತ್ತಂಬರಿ ಸೊಪ್ಪಿನ ಬೇರನ್ನ ಇಲ್ಲಿ ಯಾರೂ ಎಸೆಯಲ್ಲ, ಕಟ್ಟಿನಲ್ಲಿ ಬೇರು ಇರ್ಲಿಲ್ಲ ಅಂದ್ರೆ ಜಗಳ ಆಡ್ತಾರೆ. ದಕ್ಷಿಣದ ಪೇಸ್ಟ್ ಮಾತ್ರ ಪಾ ತಾವೇ ಅರೆಯೋದು, ಇಲ್ಲಿ ಸಿಗೋದ್ರಲ್ಲಿ ಅರಿಶಿನ ಹಳೇದಿರುತ್ತೆ ಅಂತ.

ಅಡುಗೆ ಮಾಡೋದರಲ್ಲಿ ನಾನು ಕಲಿತ ಒಂದೇ ಒಂದು ಉಪಯೋಗದ ವಿಷಯ ತೆಂಗಿನಹಾಲು ಒಡೆಯೋದು. ಗಟ್ಟಿ ಹಾಲನ್ನ ಮೊದಲು ಬಾಣಲೆಗೆ ಹಾಕಿ ಕುದಿಸ್ತಾ ಹೋದ್ರೆ ನೀರೆಲ್ಲಾ ಆವಿಯಾಗಿ ಎಣ್ಣೆ ಬಿಟ್ಕೊಳ್ಳುತ್ತೆ, ಆ ಎಣ್ಣೆಯಲ್ಲಿ ಪೇಸ್ಟ್ ಹುರಿಯೋದು, ಘಮ ಬಂದ್ಮೇಲೆ ತೆಳು ಹಾಲು ಹಾಕೋದು. ಕರಿ ಮೇಲೆ ಹಸಿರು ಎಣ್ಣೆ ಚುಕ್ಕೆ ಚುಕ್ಕೆಯಾಗಿ ತೇಲ್ತಿದ್ರೆ ಸರಿಯಾಗಿ ಮಾಡಿದಾರೆ ಅಂತ. ಡಬ್ಬಿ ಹಾಲಿನಲ್ಲಿ ಬಹಳಷ್ಟಕ್ಕೆ ಒಡೆಯದೇ ಇರಲಿ ಅಂತಾನೇ ಏನೇನೋ ಸೇರಿಸಿರ್ತಾರೆ, ಅದನ್ನ ಎಷ್ಟು ಕುದಿಸಿದ್ರೂ ಬೆಳ್ಳಗೇ ಇರುತ್ತೆ, ಅದಕ್ಕೇ ಮನೆಯಲ್ಲಿ ಮಾಡಿದ ಗ್ರೀನ್ ಕರಿ ಹಾಲುಹಾಲಾಗಿ ಸಪ್ಪಗೆ ಬರೋದು. ಅಂಥ ಹಾಲಿದ್ರೆ ಒಂದು ಚಮಚ ಎಣ್ಣೆಯಲ್ಲಿ ಪೇಸ್ಟ್ ಮೊದಲೇ ಹುರ್ಕೊಂಡು ಬಿಡಿ. ಪಾ ಹೊಸದಾಗಿ ತುರಿದು ಹಿಂಡಿದ ಹಾಲು ಸಂತೆಯಿಂದ ಚೀಲದಲ್ಲಿ ತರಿಸ್ತಾರೆ, ಅಲ್ಲೇ ಮೆಷಿನ್ ಇರುತ್ತೆ.

ಮೀನು ತಿನ್ನೋರು ಈ ಅಂಗಡಿಗೆ ಬಂದ್ರೆ ನಾಮ್ ಪ್ರಿಕ್ ಕಪಿ ಬಿಡಬಾರದು. ಕಪಿ ಅಂದ್ರೆ ತೀರಾ ಸಣ್ಣ ಸೀಗಡಿನ ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸಿ ಅರೆದು ಹುದುಗಿಸಿದ ನೇರಳೆ ಕಂದು ಬಣ್ಣದ ಪೇಸ್ಟು, ಸಮುತ್ ಸೋಂಗ್‌ಖ್ರಾಮ್ ಜಿಲ್ಲೆಯ ಖ್ಲೋಂಗ್ ಖೋನ್ ಕಡೆಯದಕ್ಕೆ ಹೆಸರು. ಡಬ್ಬಿ ತೆಗೆದ್ರೆ ಮೂಗು ಮುಚ್ಕೋಬೇಕು. ಅದನ್ನ ಬೆಳ್ಳುಳ್ಳಿ, ಸೂಜಿ ಮೆಣಸು, ನಿಂಬೆರಸ, ತಾಳೆ ಸಕ್ಕರೆ ಜೊತೆ ಕುಟ್ಟಿದ್ರೆ ಚಟ್ನಿ ರೆಡಿ. ಅದಕ್ಕೆ ಜೊತೆ ಪ್ಲಾ ತೂ ಅನ್ನೋ ಗಿಡ್ಡ ಬಂಗಡೆ ಜಾತಿ ಮೀನು, ಸಂತೆಯಲ್ಲಿ ಪುಟ್ಟ ಬಿದಿರಿನ ಬುಟ್ಟಿಯಲ್ಲಿ ಎರಡೋ ಮೂರೋ ಕತ್ತು ಬಗ್ಗಿಸಿ ಮಲಗಿಸಿರ್ತಾರೆ. ಬುಟ್ಟಿಗೆ ಹಿಡಿಸಲಿ ಅಂತ ಕತ್ತು ಮುರಿಯೋದು, ಅದಕ್ಕೇ ಮೇ ಖ್ಲೋಂಗ್ ಊರಿನ ಪ್ಲಾ ತೂಗೆ ಮುಖ ಸೊಟ್ಟ ಕತ್ತು ಮುರುಕ ಅಂತ ಪ್ರೀತಿಯ ಬೈಗುಳವೇ ಇದೆ. ಲುಂಗ್ ಅದನ್ನ ಅಂಗಡಿ ಹಿಂದೆ ಕೂತು ಕರೀತಾರೆ, ಚರ್ಮ ಗರಿಗರಿಯಾಗೋವರೆಗೂ. ಮೂರನೇದು ಚಾ-ಓಮ್ ಆಮ್ಲೆಟ್, ಚಾ-ಓಮ್ ಸೀಗೆ ಜಾತಿಯ ಒಂದು ಮುಳ್ಳುಗಿಡದ ಕುಡಿ, ಹಸಿಯಲ್ಲಿ ಕೆಟ್ಟ ವಾಸನೆ, ಮೊಟ್ಟೆಗೆ ಹಾಕಿ ದಪ್ಪಗೆ ಕರಿದು ಚೌಕವಾಗಿ ಕತ್ತರಿಸಿದ್ರೆ ಆ ವಾಸನೆಯೇ ಬೇಕು ಅನ್ಸುತ್ತೆ. ಚಟ್ನಿ, ಮೀನು, ಆಮ್ಲೆಟ್, ಬೇಯಿಸಿದ ತರಕಾರಿ, ಅನ್ನ. ಒಂದು ಬಗೆನೂ ಫೋಟೋಗೆ ಚೆಂದ ಅಲ್ಲ. ಫೋಟೋ ತೋರಿಸಿ ಮಾರೋ ರೆಸ್ಟೋರೆಂಟಿನ ಮೆನುವಿನಲ್ಲಿ ಇದು ಅಪರೂಪ ಆಗಿರೋದಕ್ಕೆ ಅದೂ ಒಂದು ಕಾರಣ ಇರಬಹುದು.

ಪಾತ್ ಕಪ್ರಾವ್ ಮಾತ್ರ ಟ್ರೇಯಲ್ಲಿ ಇಡಲ್ಲ, ಹೇಳಿದ ಮೇಲೆ ಮಾಡಿ ಕೊಡೋದು, ಅದೂ ಜನ ಕಮ್ಮಿ ಇದ್ದಾಗ. ಮಧ್ಯಾಹ್ನ ಹನ್ನೆರಡಕ್ಕೆ ಆಫೀಸಿನವರ ಸಾಲು ಇರುವಾಗ ಕೇಳಿದ್ರೆ ಪಾ ಮುಖ ನೋಡಬೇಕು ನೀವು. ಕಪ್ರಾವ್ ಅಂದ್ರೆ ತುಳಸಿನೇ, ಅದೇ ಗಿಡ, ಬೇರೆ ಜಾತಿ ಅಲ್ಲ. ತುಳಸಿನ ಬೆಳ್ಳುಳ್ಳಿ, ಮೆಣಸಿನಕಾಯಿ, ಕೊಚ್ಚಿದ ಮಾಂಸದ ಜೊತೆ ಹಿಡಿಗಟ್ಟಲೆ ಬಾಣಲೆಗೆ ಹಾಕೋದನ್ನ ಮೊದಲ ಸಲ ನೋಡಿದಾಗ ನನ್ನ ಜೊತೆ ಬಂದಿದ್ದ ಅತ್ತೆ ಬೇರೆ ಕಡೆ ತಿರುಗಿ ಕೂತ್ರು, ಆಮೇಲೆ ತೋಫು ಹಾಕಿ ಮಾಡಿಸಿಕೊಟ್ಟಾಗ ಘಮ ಚೆನ್ನಾಗಿದೆ ಕಣೋ ಅಂದ್ರು, ಎರಡನೇ ಸಲ ಬಡಿಸ್ಕೊಂಡ್ರು. ಇದರ ಮೇಲೆ ಅಂಚು ಗರಿಯಾಗಿ ನಡುವೆ ಹಳದಿ ಹಾಗೇ ಹರಿಯೋ ಕರಿದ ಮೊಟ್ಟೆ ಇರಲೇಬೇಕು. ಅಂದಹಾಗೆ ಇದಕ್ಕೆ ಅಲಸಂದೆ, ಈರುಳ್ಳಿ, ಬೇಬಿ ಕಾರ್ನ್ ಹಾಕಬಹುದಾ ಅನ್ನೋದರ ಮೇಲೆ ಥಾಯ್ ಜನ ಆನ್‌ಲೈನಲ್ಲಿ ಕೊರಳಪಟ್ಟಿ ಹಿಡಿದು ಜಗಳ ಆಡ್ತಾರೆ. ಪಾ ಅಲಸಂದೆ ಹಾಕ್ತಾರೆ. ನಾನು ಬಾಯಿ ಮುಚ್ಕೊಂಡು ತಿಂತೀನಿ.

ಸಂಜೆ ಈ ಅಂಗಡಿ ಇರಲ್ಲ, ಎರಡು ಗಂಟೆಗೆಲ್ಲಾ ಟ್ರೇ ತೊಳೆಯೋಕೆ ಶುರು. ಆದ್ರೆ ಗಲ್ಲಿಯ ರಾತ್ರಿ ಊಟಾನೂ ಅರ್ಧ ಇಲ್ಲಿಂದಲೇ ಹೋಗಿರುತ್ತೆ. ಕರಿನ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಾಳಿ ತುಂಬಿ ಬಲೂನ್ ಥರ ಉಬ್ಬಿಸಿ, ರಬ್ಬರ್ ಬ್ಯಾಂಡನ್ನ ಬೆರಳಲ್ಲೇ ಟಪಟಪ ಅಂತ ಸುತ್ತಿ ಬಿಡ್ತಾರೆ ಪಾ, ಒಂದು ತೊಟ್ಟೂ ಸೋರಲ್ಲ. ಜನ ಮನೆಯಲ್ಲಿ ರೈಸ್ ಕುಕ್ಕರಲ್ಲಿ ಅನ್ನ ಮಾತ್ರ ಮಾಡ್ಕೊಂಡು ಇಂಥ ಮೂರ್ನಾಲ್ಕು ಚೀಲ ಬಟ್ಟಲಿಗೆ ಸುರಿದು ಎಲ್ಲರೂ ಸುತ್ತ ಕೂತು ತಿಂತಾರೆ. ಹೀಗೆ ಕೊಂಡು ತರೋ ಹೆಂಗಸರಿಗೆ ಪ್ಲಾಸ್ಟಿಕ್ ಚೀಲದ ಗೃಹಿಣಿಯರು ಅಂತ ಇಲ್ಲಿ ಒಂದು ಕುಹಕದ ಮಾತಿದೆ, ಬೆಳಗಿಂದ ಸಂಜೆವರೆಗೆ ಕೆಲಸ ಮಾಡಿ ಬಿಟಿಎಸ್‌ನಲ್ಲಿ ನಿಂತ್ಕೊಂಡೇ ಬರೋ ಹೆಂಗಸು ಮನೆಗೆ ಬಂದು ಪೇಸ್ಟ್ ಕುಟ್ಟಬೇಕಿತ್ತಾ ಅಂತ ಕೇಳಬೇಕು ಅನ್ಸುತ್ತೆ ಹಾಗಂದೋರಿಗೆ. ಚೀಲ ತರೋ ಗಂಡಸರಿಗೆ ಮಾತ್ರ ಯಾವ ಹೆಸರೂ ಇಲ್ಲ.

ಬೆಳಗ್ಗೆ ಆರಕ್ಕೇ ಮೊದಲ ಗಿರಾಕಿಗಳು ಬೇರೆ ಕಾರಣಕ್ಕೆ ಬರ್ತಾರೆ. ಭಿಕ್ಷುಗಳು ಬರಿಗಾಲಲ್ಲಿ ಗಲ್ಲಿ ಸುತ್ತೋ ಹೊತ್ತು ಅದು. ಪಾ ಅವರಿಗೆ ದಾನ ಕೊಡೋರಿಗಂತಾನೇ ಅನ್ನದ ಚೀಲ, ಕರಿ ಚೀಲ, ನೀರಿನ ಬಾಟ್ಲಿ ಒಂದು ಸೆಟ್ ಮಾಡಿ ಮುಂದೆ ಜೋಡಿಸಿರ್ತಾರೆ. ಭಿಕ್ಷುಗಳು ಮಧ್ಯಾಹ್ನದ ಮೇಲೆ ಊಟ ಮಾಡೋ ಹಾಗಿಲ್ಲ, ಹಾಗಾಗಿ ಎಲ್ಲಾ ಬೇಗ ಆಗಬೇಕು. ದಾನ ಕೊಡೋರು ಚಪ್ಪಲಿ ಬಿಟ್ಟು ರಸ್ತೆ ಪಕ್ಕದಲ್ಲೇ ಮಂಡಿಯೂರಿ ಕೈ ಮುಗೀತಾರೆ, ಆಮೇಲೆ ಎದ್ದು ತಮಗೂ ಒಂದು ಚೀಲ ಖೈ ಪಲೋ ಕಟ್ಟಿಸ್ಕೊಂಡು ಆಫೀಸಿಗೆ ಹೋಗ್ತಾರೆ.

ಭಾನುವಾರ ಆಫೀಸಿನವರ ಜೊತೆ ಹೋದ್ರೆ ಊಟದ ರೂಪವೇ ಬೇರೆ. ಅನ್ನ ಒಬ್ಬೊಬ್ಬರಿಗೆ ಬೇರೆ ತಟ್ಟೆ, ಬಗೆಗಳು ಮಧ್ಯೆ ಬಟ್ಟಲಲ್ಲಿ, ಎಲ್ಲರಿಗೂ ಸೇರಿ. ನಾನು ಶುರುವಿನಲ್ಲಿ ಒಂದೇ ಸಲ ಎಲ್ಲಾ ಬಗೆನೂ ತಟ್ಟೆಗೆ ಬಡಿಸ್ಕೊಳ್ತಿದ್ದೆ, ನಮ್ಮ ಟೀಮಿನ ಹಿರಿಯಕ್ಕ ಒಬ್ರು, ಅವರನ್ನ ಎಲ್ಲರೂ ಪಿ ಅಂತಾರೆ, ನಗ್ತಾ "ಓಡಿಹೋಗಲ್ಲ ಅದು" ಅಂದ್ರು. ಒಂದು ಚಮಚ ಒಂದು ಬಟ್ಟಲಿಂದ, ಅದನ್ನ ಅನ್ನದ ಜೊತೆ ತಿಂದು ಮುಗಿಸಿ, ಆಮೇಲೆ ಇನ್ನೊಂದರಿಂದ. ಹೀಗೆ ತಿಂದ್ರೆ ಪ್ರತಿ ತುತ್ತೂ ಬೇರೆ ರುಚಿ, ಹುಳಿ ಆದ್ಮೇಲೆ ಕೊಬ್ಬು, ಖಾರ ಆದ್ಮೇಲೆ ಸೂಪು. ಒಟ್ಟಿಗೆ ಕಲಸಿ ತಿಂದ್ರೆ ಎಲ್ಲಾ ಒಂದೇ. ಯಾರಿಗೆ ಏನು ಕಮ್ಮಿ ಅನ್ಸುತ್ತೋ ಅವರಿಗೆ ಅಂತ ಪ್ರಿಕ್ ನಾಮ್ ಪ್ಲಾ ಬಟ್ಟಲು ಇದ್ದೇ ಇರುತ್ತೆ, ಮೀನಿನ ಸಾಸಿಗೆ ಸೂಜಿ ಮೆಣಸು ಚಕ್ರ ಚಕ್ರ ಹೆಚ್ಚಿ ನಿಂಬೆ ಹಿಂಡಿದ್ದು. ಉಪ್ಪಿನ ಡಬ್ಬಿ ಟೇಬಲ್ ಮೇಲೆ ನೋಡಿದ ನೆನಪೇ ಇಲ್ಲ.

ದೂರುಗಳೂ ಇವೆ. ಕರಿ ಬಿಸಿ ಇರಲ್ಲ, ಬೆಚ್ಚಗಿರುತ್ತೆ ಅಷ್ಟೇ, ಅನ್ನ ಮಾತ್ರ ಹೊಗೆಯಾಡ್ತಿರುತ್ತೆ. ಅದು ಅಭ್ಯಾಸ ಆಗುತ್ತೆ, ಆದ್ರೆ ಒಂದು ಗಂಟೆ ಮೇಲೆ ಹೋದ್ರೆ ಸೊಪ್ಪು ಕಪ್ಪಾಗಿ ಮೀನು ಪುಡಿಯಾಗಿ ಟ್ರೇ ತಳದ್ದು ಸಿಗುತ್ತೆ, ಹಾಗಾಗಿ ಹನ್ನೊಂದಕ್ಕೆ ಮುಂಚೆ ಹೋಗೋದು ವಾಸಿ, ಇಲ್ಲಾಂದ್ರೆ ಹೋಗಲೇಬೇಡಿ. ಪ್ಲಾಸ್ಟಿಕ್ ಬಳಕೆ ನೋಡಿದ್ರೆ ತಲೆ ತಿರುಗುತ್ತೆ, ಒಂದು ಊಟಕ್ಕೆ ಐದು ಚೀಲ. ನಾನು ಸ್ಟೀಲ್ ಕ್ಯಾರಿಯರ್ ತಗೊಂಡು ಹೋಗ್ತೀನಿ, ಪಾಗೆ ಅದು ಭಾರೀ ಖುಷಿ, ಹಳೇ ಕಾಲದ್ದು ಅಂತ ಒಂದು ಸೌಟು ಜಾಸ್ತಿನೇ ಹಾಕ್ತಾರೆ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳ್ಬಿಡ್ತೀನಿ, ಇಂಥ ಅಂಗಡಿ ಕಷ್ಟ. ಬರೀ ಸೊಪ್ಪು ಅಂತ ಕಾಣೋದರಲ್ಲೂ ಮೀನಿನ ಸಾಸೋ ಆಯ್ಸ್ಟರ್ ಸಾಸೋ ಇರುತ್ತೆ, ಕರಿ ಪೇಸ್ಟಿನಲ್ಲಿ ಕಪಿ ಇರುತ್ತೆ, ಅದನ್ನ ಆಮೇಲೆ ತೆಗೆಯೋಕಾಗಲ್ಲ. ಮಾಂಸ ಬೇಡ ಅಂದ್ರೆ ಮಾಂಸದ ತುಂಡು ಮಾತ್ರ ಬೇಡ ಅಂತ ತಿಳ್ಕೋತಾರೆ. "ಜೇ" ಅಂತ ಹೇಳ್ಬೇಕು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 17 ಅನ್ನೋ ಥರ ಕಾಣೋ ಒಂದು ಗುರುತು ಇರುತ್ತೆ, ಅದಿರೋ ಅಂಗಡಿಗೆ ಕಣ್ಮುಚ್ಚಿ ಹೋಗಬಹುದು, ಮಾಂಸ ಮೀನು ಮೊಟ್ಟೆ ಹಾಲು ಯಾವುದೂ ಇರಲ್ಲ, ಬೆಳ್ಳುಳ್ಳಿ ಈರುಳ್ಳಿನೂ ಇರಲ್ಲ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಒಂಬತ್ತು ದಿನ ಜೇ ಹಬ್ಬ ಬರುತ್ತೆ, ಆಗ ಊರೆಲ್ಲಾ ಆ ಬಾವುಟಗಳೇ. ಪಾ ಕೂಡ ಆ ದಿನಗಳಲ್ಲಿ ಟ್ರೇಗಳನ್ನೆಲ್ಲಾ ಬದಲಾಯಿಸ್ತಾರೆ, ಪಾತ್ರೆ ಬೇರೆ, ಬಾಣಲೆ ಬೇರೆ. ತೋಫು, ಅಣಬೆ, ಸೋಯಾ ಹಾಕಿ ಅದೇ ಖುವಾ ಕ್ಲಿಂಗ್ ಮಾಡ್ತಾರೆ ನೋಡಿ, ಕಪಿ ಇಲ್ಲ ಬೆಳ್ಳುಳ್ಳಿ ಇಲ್ಲ, ಆದ್ರೂ ಖಾರ ಮಾತ್ರ ಒಂದಿಷ್ಟೂ ಇಳಿಸಿರಲ್ಲ. ಅತ್ತೆನ ಮುಂದಿನ ಸಲ ಆ ಹೊತ್ತಿಗೇ ಕರ್ಕೊಂಡು ಬರಬೇಕು.

ಏಪ್ರಿಲ್‌ನಲ್ಲಿ ಬರೋರಿಗೆ ಒಂದು ಎಚ್ಚರಿಕೆ. 13ರಿಂದ 15ರವರೆಗೆ ಸೋಂಗ್‌ಕ್ರಾನ್, ಥಾಯ್ ಹೊಸ ವರ್ಷ, ಬ್ಯಾಂಕಾಕಿನಲ್ಲಿ ದುಡಿಯೋರೆಲ್ಲಾ ಊರಿಗೆ ಹೋಗ್ತಾರೆ. ಪಾ ಲುಂಗ್ ಇಬ್ಬರೂ ಶಟರ್ ಎಳೆದು ರೈಲು ಹತ್ತಿದ್ರೆ ವಾಪಸ್ ಬರೋದು ಅವರಿಗೆ ಯಾವಾಗ ಅನ್ಸುತ್ತೋ ಆವಾಗ, ಶಟರ್ ಮೇಲೆ ಅಂಟಿಸಿದ ಚೀಟಿಯಲ್ಲಿ ತಾರೀಖು ಬರೆದಿರ್ತಾರೆ ಆದ್ರೆ ಅದನ್ನ ಯಾರೂ ನಂಬಲ್ಲ. ಪಕ್ಕದ ನೂಡಲ್ಸಿನೋರೂ ಇರಲ್ಲ, ಸುಟ್ಟ ಬಾಳೆಹಣ್ಣಿನೋರೂ ಇರಲ್ಲ. ಇಡೀ ಗಲ್ಲಿ ಸೆವೆನ್ ಇಲೆವೆನ್ ಮುಂದೆ ಕ್ಯೂ ನಿಂತು ಬಿಸಿ ಮಾಡಿದ ಸ್ಯಾಂಡ್‌ವಿಚ್ ತಿಂತಾ, ಪಾ ಬಂದ್ರಾ ಪಾ ಬಂದ್ರಾ ಅಂತ ಒಬ್ಬರನ್ನೊಬ್ಬರು ಕೇಳ್ತಿರ್ತೀವಿ.